ಪದಚರ್ಚೆ: ‘ಅನಿಮೆ’ ಅಂದರೆ ಯಾವುದು? ನಟರನ್ನಿಟ್ಟು ತೆಗೆದದ್ದಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಜಪಾನಿನ ಅನಿಮೇಷನ್‌ಗೆ ಹೇಳುವ ‘ಅನಿಮೆ’ ಎಂಬ ಪದದ ಬಳಕೆಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಮೊನ್ನೆ ಒಂದು ಕನ್ನಡ ಬರಹದಲ್ಲಿ ನೆಟ್‌ಫ್ಲಿಕ್ಸ್‌ನ ‘ಒನ್ ಪೀಸ್’ ಅನ್ನು ‘ಜನಪ್ರಿಯ ಅನಿಮೆ ಸರಣಿ’ ಎಂದು ಕರೆದಿದ್ದರು. ಬರೆದವರು ಹೇಳುತ್ತಿದ್ದದ್ದು 2023ರ ಆಗಸ್ಟ್‌ನಲ್ಲಿ ಬಂದ, ನಟರನ್ನಿಟ್ಟು ತೆಗೆದ ಸರಣಿಯ ಬಗ್ಗೆ. ಅದರಲ್ಲಿ ಕಥಾನಾಯಕ ಲೂಫಿಯ ಪಾತ್ರ ಮಾಡಿದ್ದು ಇನ್ಯಾಕಿ ಗೊಡಾಯ್ ಎಂಬ ಮೆಕ್ಸಿಕೋದ ನಟ. ಚಿತ್ರೀಕರಣ ನಡೆದದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಇದನ್ನು ಅನಿಮೆ ಅನ್ನಬಹುದಾ? ಅನ್ನಬಾರದು ಎಂದೇ ನನಗನಿಸುತ್ತದೆ. ಆದರೆ ಬೇರೆ ಏನೆನ್ನಬೇಕು ಎಂದು ಕೇಳಿದರೆ ನಮ್ಮಲ್ಲಿ ಸಲೀಸಾದ ಪದ ಇಲ್ಲ. ಪ್ರಶ್ನೆ ಇರುವುದು ಅಲ್ಲೇ.

ಮೊದಲು ಬರೆಯುವ ಬಗೆಯನ್ನು ಮುಗಿಸಿಬಿಡುತ್ತೇನೆ. ಎನಿಮೆ, ಆನಿಮೆ, ಅನಿಮೇ, ಅನಿಮೆ ಎಂದು ನಾಲ್ಕು ತರ ಬರೆಯುವುದನ್ನು ನೋಡಿದ್ದೇನೆ. ಜಪಾನಿ ಭಾಷೆಯಲ್ಲಿ ಇದು ಮೂರು ಹ್ರಸ್ವಗಳ ಪದ: ಅ-ನಿ-ಮೆ. ಕನ್ನಡದಲ್ಲಿ ಹ್ರಸ್ವ ಎಕಾರ ಇರುವುದರಿಂದ ಇದನ್ನು ಇದ್ದ ಹಾಗೇ ಬರೆಯಬಹುದು. ಹಿಂದಿಯವರಿಗೆ ಆ ಅನುಕೂಲ ಇಲ್ಲ. ಮೇಲಾಗಿ ‘ಮನೆ’, ‘ಎಲೆ’ ತರಹ ಅನಿಮೆಯ, ಅನಿಮೆಗೆ, ಅನಿಮೆಯಲ್ಲಿ ಎಂದು ವಿಭಕ್ತಿಯೂ ಸಲೀಸಾಗಿ ಹತ್ತುತ್ತದೆ. ಹಾಗಾಗಿ ‘ಅನಿಮೆ’ಯೇ ಸರಿ.

ಇನ್ನು ಅರ್ಥ. ಇಂಗ್ಲಿಷಿನ ‘ಅನಿಮೇಷನ್’ ಪದವನ್ನು ಜಪಾನಿಯರು ತಮ್ಮ ಬಾಯಿಗೆ ತಕ್ಕಂತೆ ‘ಅನಿಮೇಶೊನ್’ ಎಂದು ಮಾಡಿಕೊಂಡರು. ಆಮೇಲೆ ಬಾಲ ಕತ್ತರಿಸಿ ‘ಅನಿಮೆ’ ಎಂದರು. ಅವರಲ್ಲಿ ಈ ಪದಕ್ಕೆ ದೇಶದ ಗುರುತಿಲ್ಲ. ಡಿಸ್ನಿಯದ್ದೂ ಅನಿಮೆಯೇ, ಯುರೋಪಿನದ್ದೂ ಅನಿಮೆಯೇ. ಪದ ಜಪಾನಿನಿಂದ ಹೊರಗೆ ಬಂದ ಮೇಲೆ ಅರ್ಥ ಕಿರಿದಾಯಿತು. ಹೊರಗಿನವರಿಗೆ ಅನಿಮೆ ಅಂದರೆ ಜಪಾನಿನಲ್ಲಿ ಮಾಡಿದ ಅನಿಮೇಷನ್. ಕನ್ನಡಕ್ಕೆ ಬಂದದ್ದು ಈ ಕಿರಿದಾದ ಅರ್ಥವೇ. ಈಗ ಅದನ್ನು ಇನ್ನೊಂದು ಕಡೆಗೆ ಎಳೆಯಲಾಗುತ್ತಿದೆ: ಅನಿಮೆಯಲ್ಲಿ ಬಂದ ಕಥೆ ಯಾವ ರೂಪ ತಾಳಿದರೂ ಅನಿಮೆ ಎಂಬಂತೆ. ಇದನ್ನು ನಾನು ಒಪ್ಪುವುದಿಲ್ಲ. ಅನಿಮೆ ಎನ್ನುವುದು ಮಾಡುವ ಬಗೆಯ ಹೆಸರು, ಕಥೆಯ ಹೆಸರಲ್ಲ.

ನಮ್ಮ ಯಕ್ಷಗಾನದಲ್ಲಿ ಈ ಗೊಂದಲ ಯಾವತ್ತೂ ಆಗಿಲ್ಲ ನೋಡಿ. ಪ್ರಸಂಗ ಒಂದೇ ಇರುತ್ತದೆ. ವೇಷ ಕಟ್ಟಿ ಕುಣಿದರೆ ಬಯಲಾಟ. ಕೂತು ಅರ್ಥ ಹೇಳಿದರೆ ತಾಳಮದ್ದಳೆ. ಉಪ್ಪಿನಕುದ್ರಿನವರು ಸೂತ್ರ ಹಿಡಿದರೆ ಗೊಂಬೆಯಾಟ. ಪ್ರಸಂಗ ಅದೇ ಅಂತ ಯಾರೂ ಬಯಲಾಟವನ್ನು ಗೊಂಬೆಯಾಟ ಅನ್ನುವುದಿಲ್ಲ.

ಜಪಾನಿಯರ ಮಾತೂ ಹೀಗೇ ಕೆಲಸ ಮಾಡುತ್ತದೆ. ಮೂಲ ಕೃತಿಗೆ ಅವರು ‘ಗೆನ್‌ಸಾಕು’ ಅನ್ನುತ್ತಾರೆ. ಅದು ಮಾಂಗಾ (ಜಪಾನಿನ ಕಾಮಿಕ್ಸ್) ಆಗಿರಬಹುದು, ಕಾದಂಬರಿ ಆಗಿರಬಹುದು. ಅದನ್ನು ಚಿತ್ರ ಬಿಡಿಸಿ ತೆರೆಗೆ ತಂದರೆ ‘ಅನಿಮೆ-ಕಾ’. ನಟರನ್ನಿಟ್ಟು ತೆಗೆದರೆ ‘ಜಿಶ್ಶಾ-ಕಾ’. ಕೊನೆಯ ‘ಕಾ’ ನಮ್ಮ ‘-ಕರಣ’ ಇದ್ದ ಹಾಗೆ. ‘ಜಿಶ್ಶಾ’ದಲ್ಲಿ ‘ಜಿ’ ಅಂದರೆ ನಿಜ, ‘ಶಾ’ ಅಂದರೆ ಇದ್ದದ್ದನ್ನು ಇದ್ದ ಹಾಗೆ ಇಳಿಸಿಕೊಳ್ಳುವುದು. ಫೋಟೊಗೆ ಅವರು ಹೇಳುವ ‘ಶಾಶಿನ್’ನಲ್ಲಿ ಇರುವುದೂ ಅದೇ ‘ಶಾ’. ಕ್ಯಾಮೆರಾದ ಮುಂದೆ ನಿಜವಾಗಿ ಏನೋ ಇತ್ತು, ಅದನ್ನು ಹಿಡಿದೆವು ಎಂದಷ್ಟೇ ಆ ಪದ ಹೇಳುತ್ತದೆ.

ಈ ಜೋಡಿ ಪದಗಳಿಗೆ ಇನ್ನೊಂದು ಗುಣ ಇದೆ. ಜಿಶ್ಶಾ ಸಿನಿಮಾ ಅನಿಮೆಯಿಂದಲೇ ಹುಟ್ಟಬೇಕು ಎಂದು ಅವು ಹೇಳುವುದಿಲ್ಲ. ನಮ್ಮ ವರದಿಗಳಲ್ಲಿ ‘ಅನಿಮೆ ಆಧಾರಿತ ಸಿನಿಮಾ’ ಎಂದು ಸುಮ್ನೆ ಬರೆದುಬಿಡುತ್ತಾರೆ. ಎಷ್ಟೋ ಸಲ ಅದು ತಪ್ಪು. ‘ಡೆತ್ ನೋಟ್’ ಮಾಂಗಾ ಶುರುವಾದದ್ದು 2003ರಲ್ಲಿ. ನಟರಿರುವ ಮೊದಲ ಸಿನಿಮಾ ಬಂದದ್ದು 2006ರ ಜೂನ್‌ನಲ್ಲಿ, ಅನಿಮೆ ಶುರುವಾದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಆ ಸಿನಿಮಾ ‘ಅನಿಮೆ ಆಧಾರಿತ’ ಹೇಗಾಗುತ್ತದೆ?

ಇನ್ನೂ ಹಳೆಯ ಉದಾಹರಣೆ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’. ಮಾಂಗಾ 1952ರಲ್ಲಿ ಶುರುವಾಯಿತು. 1959ರಲ್ಲಿ ನಟರನ್ನಿಟ್ಟು ಟಿವಿ ಧಾರಾವಾಹಿ ಮಾಡಿದರು. ಅನಿಮೆ ಬಂದದ್ದು 1963ರ ಜನವರಿ 1ಕ್ಕೆ. ವಾರಕ್ಕೆ ಅರ್ಧ ಗಂಟೆಯ ಟಿವಿ ಅನಿಮೆಯ ಪದ್ಧತಿಯನ್ನೇ ಹುಟ್ಟುಹಾಕಿದ ಕೃತಿ ಇದು. ಅದರಲ್ಲೂ ನಟರ ರೂಪವೇ ಮುಂಚೆ ಬಂದಿತ್ತು, ಅನಿಮೆ ನಾಲ್ಕು ವರ್ಷ ತಡ! ನಟರ ಸಿನಿಮಾ ಅಂದರೆ ಅನಿಮೆಯ ನಕಲು ಎಂಬ ಭಾವನೆ ಅಭಿಮಾನಿಗಳಲ್ಲಿ ಜಾಸ್ತಿ ಇದೆ. ಅವರಿಗೆ ಈ ಇಸವಿಗಳನ್ನು ಯಾರಾದರೂ ಹೇಳಬೇಕು.

ನಿಜವಾಗಿಯೂ ಅನಿಮೆ ಆಧಾರಿತ ಎನ್ನಬಹುದಾದವೂ ಇವೆ. ‘ಕೌಬಾಯ್ ಬೀಬಾಪ್’ 1998ರಲ್ಲಿ ಶಿನಿಚಿರೊ ವತನಬೆ ನಿರ್ದೇಶನದಲ್ಲಿ ಅನಿಮೆಗೆಂದೇ ಕಟ್ಟಿದ ಕಥೆ. 2021ರಲ್ಲಿ ನೆಟ್‌ಫ್ಲಿಕ್ಸ್ ಅದನ್ನು ನಟರನ್ನಿಟ್ಟು ಮಾಡಿತು, ತಿಂಗಳೊಳಗೆ ನಿಲ್ಲಿಸಿಯೂ ಬಿಟ್ಟಿತು. ಅಲ್ಲಿ ‘ಅನಿಮೆ ಆಧಾರಿತ’ ಎಂಬ ಮಾತು ಪಕ್ಕಾ ಸರಿ.

ಈಗ ಗಡಿಯಲ್ಲಿ ನಿಂತಿರುವ ಕೆಲವು. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಅನಿಮೆಯೇ ಅಲ್ಲವೇ ಎಂಬ ಜಗಳ ತುಂಬ ಹಳೆಯದು. 2005ರಿಂದ 2008ರವರೆಗೆ ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ ಬಂತು. ಕಲ್ಪನೆ, ಬರವಣಿಗೆ ಇಬ್ಬರು ಅಮೆರಿಕನ್ನರ ಮುಂದಾಳತ್ವದ್ದು. ಚಿತ್ರಗಳ ಕೆಲಸ ಬಹುಪಾಲು ದಕ್ಷಿಣ ಕೊರಿಯಾದ ಸ್ಟುಡಿಯೋಗಳದ್ದು. ಕಣ್ಣು, ಮುಖ, ಹೊಡೆದಾಟದ ಶೈಲಿಯಲ್ಲಿ ಜಪಾನಿನ ಪ್ರಭಾವ ಎದ್ದು ಕಾಣುತ್ತದೆ. ಶೈಲಿ ಹೋಲುತ್ತದೆ ಅಂತ ಅನಿಮೆ ಅನ್ನುವುದಾದರೆ ಪದಕ್ಕೆ ಕೊನೆಯೇ ಇಲ್ಲ. ಹಾಗಂತ ಯಾರ ಕೈ ಬಿಡಿಸಿತು ಎಂದು ನೋಡಿದರೂ ಕಷ್ಟ, ಯಾಕಂದರೆ ಎಷ್ಟೋ ಜಪಾನಿ ಅನಿಮೆಗಳ ಚಿತ್ರಗಳೂ ಕೊರಿಯಾದಲ್ಲಿ ತಯಾರಾಗುತ್ತವೆ. ಯಾರು ಕಟ್ಟಿ ನಡೆಸಿದರು, ಯಾವ ನೋಡುಗರಿಗಾಗಿ ಎಂಬುದನ್ನು ನಾನು ಅಳತೆಯಾಗಿ ಇಟ್ಟುಕೊಂಡಿದ್ದೇನೆ. ಆ ಲೆಕ್ಕದಲ್ಲಿ ಇದು ಅಮೆರಿಕದ ಅನಿಮೇಷನ್. ಇದನ್ನೇ 2010ರಲ್ಲಿ ಎಂ. ನೈಟ್ ಶ್ಯಾಮಲನ್ ನಟರನ್ನಿಟ್ಟು ಸಿನಿಮಾ ಮಾಡಿದರು. ಅದು ಅನಿಮೆಯೂ ಅಲ್ಲ, ಅನಿಮೆ ಆಧಾರಿತವೂ ಅಲ್ಲ.

ನಡುವೆ ಒಂದು ಮಾತು. ಆ ಕಥೆಯ ಹುಡುಗನ ಹೆಸರನ್ನು ಸರಣಿಯಲ್ಲಿ ‘ಆ್ಯಂಗ್’ ಎಂದೂ ಸಿನಿಮಾದಲ್ಲಿ ‘ಆಂಗ್’ ಎಂದೂ ಉಚ್ಚರಿಸಿದರು. ಅಭಿಮಾನಿಗಳು ಅದಕ್ಕೆ ರೇಗಿಯೂ ಬಿಟ್ಟರು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಬರಹ. ಕನ್ನಡದಲ್ಲಿ ಬರೆಯುವವರು ಯಾವುದರ ಬಗ್ಗೆ ಬರೆಯುತ್ತಿದ್ದೇವೆ ಎಂದು ನೋಡಿಕೊಂಡೇ ಬರೆಯಬೇಕು.

ಇನ್ನೊಂದು ತುದಿಯಲ್ಲಿ ನಮ್ಮ ರಾಮಾಯಣ ಇದೆ. ಜಪಾನಿನ ಯುಗೋ ಸಾಕೊ ಮತ್ತು ಭಾರತದ ರಾಮ್ ಮೋಹನ್ ಸೇರಿ 1990ರ ದಶಕದ ಆರಂಭದಲ್ಲಿ ಮಾಡಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಕಥೆ ವಾಲ್ಮೀಕಿಯದ್ದು, ಮಾಡಿದ ಬಗೆ ಜಪಾನಿನದ್ದು. ಅದನ್ನು ಅನಿಮೆ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. 2025ರಲ್ಲೇ ಹೊಂಬಾಳೆ ಫಿಲಂಸ್ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ಬಂತು. ಅದು ಅನಿಮೇಷನ್, ಅನಿಮೆಯಲ್ಲ.

ದೂರದರ್ಶನದಲ್ಲಿ 1993ರಲ್ಲಿ ಬರುತ್ತಿದ್ದ ಮೊಗ್ಲಿಯ ‘ಜಂಗಲ್ ಬುಕ್’ ನೆನಪಿರಬೇಕು ನಿಮಗೆ. ಹಾಡು ಗುಲ್ಜಾರ್ ಅವರದ್ದು, ಶೇರ್ ಖಾನನ ದನಿ ನಾನಾ ಪಾಟೇಕರ್ ಅವರದ್ದು. ಅದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆಯ ಸರಣಿ, 1989ರದ್ದು. ಅಂದರೆ ನಮ್ಮಲ್ಲಿ ಬಹಳ ಜನ ‘ಅನಿಮೆ’ ಪದ ಕೇಳುವ ಮೊದಲೇ ಅನಿಮೆ ನೋಡಿದ್ದೇವೆ. ಅದಕ್ಕೆ ‘ಕಾರ್ಟೂನ್’ ಅನ್ನುತ್ತಿದ್ದೆವು. ಜಪಾನಿನಲ್ಲೂ ಒಂದು ಕಾಲಕ್ಕೆ ಟಿವಿಯಲ್ಲಿ ಬರುವ ಅನಿಮೆಗೆ ‘ತೆರೆಬಿ ಮಾಂಗಾ’, ಅಂದರೆ ಟಿವಿಯ ಮಾಂಗಾ ಅನ್ನುತ್ತಿದ್ದರು.

ಈಗ ನನ್ನ ನಿಜವಾದ ಸಮಸ್ಯೆಗೆ ಬರುತ್ತೇನೆ. ನಟರನ್ನಿಟ್ಟು ತೆಗೆದದ್ದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಲೈವ್ ಆ್ಯಕ್ಷನ್’ ಅನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಕೆಲಸ ನಡೆಯುವುದಿಲ್ಲ. ಕನ್ನಡದಲ್ಲಿ ‘ಲೈವ್’ ಅಂದರೆ ನೇರ ಪ್ರಸಾರ. ‘ಆ್ಯಕ್ಷನ್’ ಅಂದರೆ ಹೊಡೆದಾಟ. ‘ಲೈವ್ ಆ್ಯಕ್ಷನ್ ಸಿನಿಮಾ’ ಅಂದರೆ ನಮ್ಮ ಓದುಗರ ಮನಸ್ಸಿನಲ್ಲಿ ಏನು ಮೂಡಬಹುದು ಹೇಳಿ. ‘ಸಜೀವ ಚಿತ್ರ’ ಎಂದು ಯಾರೋ ಬರೆದದ್ದನ್ನೂ ನೋಡಿದ್ದೇನೆ. ಅದು ಅನಿಮೇಷನ್‌ಗೆ ಇಟ್ಟ ಹೆಸರಿನಂತೆಯೇ ಕೇಳುತ್ತದೆ, ಚಿತ್ರಕ್ಕೆ ಜೀವ ಬಂದ ಹಾಗೆ. ‘ಚಲನಚಿತ್ರ’ ಎಂಬ ಪದ ಇಡೀ ಸಿನಿಮಾಕ್ಕೇ ಹೋಗಿಬಿಟ್ಟಿದೆ. ಜಪಾನಿಯರು ಸಿನಿಮಾಕ್ಕೆ ‘ಎಯ್ಗಾ’ ಎಂಬ ಬೇರೆ ಪದ ಇಟ್ಟುಕೊಂಡಿದ್ದರಿಂದ, ಚಲಿಸುವ ಚಿತ್ರ ಎಂಬ ಅರ್ಥದ ‘ದೋಗಾ’ ಪದವನ್ನು ಅನಿಮೇಷನ್‌ಗೆ ಬಳಸಲು ಆಯಿತು. 1956ರಲ್ಲಿ ಶುರುವಾದ ತೋಯೆ ಅನಿಮೇಷನ್ ಸ್ಟುಡಿಯೋದ ಹೆಸರೇ ಆಗ ‘ತೋಯೆ ದೋಗಾ’ ಎಂದಿತ್ತು. ನಮಗೆ ಆ ದಾರಿ ಮುಚ್ಚಿಹೋಗಿದೆ.

ಸದ್ಯಕ್ಕೆ ನಾನು ‘ನಟರ ಸಿನಿಮಾ’ ಎಂದು ಬರೆಯುತ್ತಿದ್ದೇನೆ. ‘ಡೆತ್ ನೋಟ್ ಮಾಂಗಾದ ನಟರ ಸಿನಿಮಾ’ ಅಂದರೆ ಅರ್ಥವಾಗುತ್ತದೆ. ಆದರೆ ಅನಿಮೆಗೆ ದನಿ ಕೊಡುವವರೂ ನಟರೇ ಅಲ್ವಾ? ಜಪಾನಿನಲ್ಲಿ ಅವರಿಗೆ ‘ಸೆಯ್ಯೂ’ ಎಂಬ ಹೆಸರಿದೆ, ದೊಡ್ಡ ಮರ್ಯಾದೆಯೂ ಇದೆ. ಅವರನ್ನು ನಟರಲ್ಲ ಅಂದಂತಾಗುವುದು ನನಗೆ ಇಷ್ಟವಿಲ್ಲ.

ನಮ್ಮ ಕ್ರಿಯಾಪದಗಳಲ್ಲೇ ಉತ್ತರ ಇರಬಹುದು ಅನಿಸುತ್ತಿದೆ. ಫೋಟೊ ‘ತೆಗೆಯುತ್ತೇವೆ’, ಸಿನಿಮಾ ‘ತೆಗೆಯುತ್ತೇವೆ’. ಚಿತ್ರ ‘ಬಿಡಿಸುತ್ತೇವೆ’. ಹಾಗಿದ್ದರೆ ‘ಬಿಡಿಸಿದ ಸಿನಿಮಾ’, ‘ತೆಗೆದ ಸಿನಿಮಾ’ ಎಂಬ ಜೋಡಿ ಹೇಗಿರುತ್ತದೆ? ಜಿಶ್ಶಾದ ‘ಶಾ’ ಮಾಡುವ ಕೆಲಸವನ್ನೇ ನಮ್ಮ ‘ತೆಗೆ’ ಮಾಡುತ್ತದೆ. ‘ಮಾಂಗಾವನ್ನು ಮೊದಲು ತೆಗೆದರು, ಆಮೇಲೆ ಬಿಡಿಸಿದರು’ ಎಂದು ಆಸ್ಟ್ರೋ ಬಾಯ್ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಕಿವಿಗೆ ಹೊಸದು, ಒಪ್ಪುತ್ತೇನೆ.

ಇದಕ್ಕೆ ಎರಡು ತೊಡಕು ಕಾಣುತ್ತಿವೆ. ಒಂದು, 2019ರ ‘ದಿ ಲಯನ್ ಕಿಂಗ್’ ತರಹದ್ದು. ಎಲ್ಲರೂ ಅದನ್ನು ಲೈವ್ ಆ್ಯಕ್ಷನ್ ಅಂದರು. ಆದರೆ ಅದರಲ್ಲಿ ಕ್ಯಾಮೆರಾದಿಂದ ನಿಜವಾಗಿ ತೆಗೆದದ್ದು ಒಂದೇ ಒಂದು ಶಾಟ್, ಶುರುವಿನಲ್ಲಿ ಬರುವ ಆಫ್ರಿಕಾದ ಸೂರ್ಯೋದಯ ಎಂದು ನಿರ್ದೇಶಕ ಜಾನ್ ಫೆವ್ರೊ ಅವರೇ ಹೇಳಿದ್ದಾರೆ. ಉಳಿದದ್ದೆಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು. ಗೋಲ್ಡನ್ ಗ್ಲೋಬ್‌ನವರು ಅದನ್ನು ಅನಿಮೇಷನ್ ವಿಭಾಗಕ್ಕೇ ಸೇರಿಸಿದ್ದರು. ಜಪಾನಿನ ಪ್ರಚಾರದಲ್ಲಿ ‘ಚೋ-ಜಿಶ್ಶಾ’, ಅಂದರೆ ಜಿಶ್ಶಾವನ್ನೂ ಮೀರಿದ್ದು ಎಂಬ ಹೊಸ ಮಾತು ಹುಟ್ಟಿಸಿದರು. ನನ್ನ ಮಟ್ಟಿಗೆ ಅದು ಬಿಡಿಸಿದ ಸಿನಿಮಾವೇ. ನೀವು ಏನನ್ನುತ್ತೀರಿ?

ಎರಡನೆಯದನ್ನು ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯವರೇ ಬಗೆಹರಿಸಬೇಕು. ನಿಮ್ಮಲ್ಲಿ ಮಕ್ಕಳು ಕಾಗದದ ಮೇಲೆ ಚಿತ್ರ ‘ತೆಗೆಯುತ್ತಾರೋ’ ‘ಬಿಡಿಸುತ್ತಾರೋ’? ಪೆನ್ಸಿಲ್ಲಿನಿಂದ ಮಾಡುವುದಕ್ಕೂ ‘ತೆಗೆ’ ಎಂದೇ ಹೇಳುವುದಾದರೆ ಈ ಜೋಡಿ ನಿಮ್ಮ ಕಡೆ ನಿಲ್ಲುವುದಿಲ್ಲ. ಆಗ ‘ತೆಗೆದ’ ಎಂಬುದರ ಜಾಗಕ್ಕೆ ಯಾವ ಪದ ಹಾಕಬಹುದು ಎಂದು ದಯವಿಟ್ಟು ಬರೆಯಿರಿ. ಮಂಗಳೂರು, ಮೈಸೂರು ಕಡೆಯವರೂ ನಿಮ್ಮ ಮನೆಯ ಮಕ್ಕಳು ಈ ಎರಡು ಬಗೆಗೆ ಏನೇನು ಹೆಸರು ಹೇಳುತ್ತಾರೆ ಎಂದು ಕೇಳಿ ತಿಳಿಸಿ.