21 ವ್ಯಾಟ್ ಸೋಲಾರ್ ಚಾರ್ಜರ್: ಕೋಡಿಬೆಂಗ್ರೆಯ ಬಿರುಬಿಸಿಲಲ್ಲೂ ಮೊಬೈಲ್ ಚಾರ್ಜ್ ಏರುತ್ತಿಲ್ಲ, ಇಳಿಯುತ್ತಿದೆ

ಬೆಂಗ್ರೆ ಹಕ್ಕಿಗಣತಿ | ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ತಿಂಗಳಿಗೆ ಎರಡು ವಾರಾಂತ್ಯ ಕೋಡಿಬೆಂಗ್ರೆಯ ಅಳಿವೆಯಲ್ಲಿ ಹಕ್ಕಿಗಳನ್ನು ಎಣಿಸುತ್ತೇನೆ. ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಜಾಗ ಅದು. ಈಗ ಫೆಬ್ರವರಿಯಲ್ಲಿ ಮರಳುದಿಬ್ಬದ ಮೇಲೆ ವಲಸೆ ಹಕ್ಕಿಗಳು ಇನ್ನೂ ಇವೆ. ಲೆಕ್ಕ ಬರೆಯುವುದು, ಜಿಪಿಎಸ್, ಫೋಟೊ ಎಲ್ಲವೂ ಮೊಬೈಲ್‌ನಲ್ಲೇ. ಕೂಗು ಹಿಡಿಯಲು ಒಂದು ಚಿಕ್ಕ ರೆಕಾರ್ಡರ್ ಕೂಡ ಇದೆ. ಮಧ್ಯಾಹ್ನದೊಳಗೆ ಬ್ಯಾಟರಿ ಮುಗಿಯುತ್ತದೆಂದು ಮೂರು ಮಡಿಕೆಯ 21 ವ್ಯಾಟ್ ಸೋಲಾರ್ ಚಾರ್ಜರ್ ಕೊಂಡೆ.

ಇವತ್ತು ಹತ್ತೂವರೆಗೆ ಮೊಬೈಲ್ ಶೇಕಡಾ 41 ಇತ್ತು. ದಂಡೆಯಲ್ಲಿ ಮಗುಚಿ ಹಾಕಿದ್ದ ದೋಣಿಯ ಬೆನ್ನಿನ ಮೇಲೆ ಪ್ಯಾನೆಲ್ ಬಿಡಿಸಿ ಹಾಕಿದೆ. ಮೊಬೈಲ್‌ಗೆ ಬಿಸಿಲು ತಾಗಬಾರದೆಂದು ಅದನ್ನು ಪ್ಯಾನೆಲ್‌ನ ಹಿಂದಿನ ಜೇಬಿನಲ್ಲಿಟ್ಟೆ. ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ‘ಟಿಂಗ್’ ಎಂದು ಚಾರ್ಜ್ ಶುರುವಾಗುತ್ತದೆ, ಅರ್ಧ ನಿಮಿಷಕ್ಕೆ ನಿಲ್ಲುತ್ತದೆ, ಮತ್ತೆ ‘ಟಿಂಗ್’. ಒಂದೂವರೆಗೆ ಬಂದು ನೋಡಿದರೆ ಶೇಕಡಾ 36. ಮೂರು ಗಂಟೆ ಬಿಸಿಲಿಗಿಟ್ಟ ಮೇಲೆ ಇದ್ದದ್ದೂ ಕಡಿಮೆಯಾಗಿದೆ! ಮನೆಯ ಚಾರ್ಜರ್‌ನಲ್ಲಿ ಇದೇ ಮೊಬೈಲ್ ಚೆನ್ನಾಗಿಯೇ ಚಾರ್ಜ್ ಆಗುತ್ತದೆ. ಪ್ಯಾನೆಲ್ ಹಿಂದಿರುಗಿಸಲು ಇನ್ನು ಆರು ದಿನ ಉಳಿದಿದೆ. ಕೊಟ್ಟುಬಿಡಲೇ?

ಸುರತ್ಕಲ್ ಬೆಸುಗೆ | ಶನಿವಾರ ರಾತ್ರಿ

ಈಗಲೇ ಕೊಡಬೇಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಪ್ಯಾನೆಲ್ ಕೆಟ್ಟಿಲ್ಲ ಎಂದೇ ನನಗೆ ಅನಿಸುತ್ತದೆ. ಕೆಟ್ಟ ಪ್ಯಾನೆಲ್ ‘ಟಿಂಗ್’ ಎನ್ನುವಷ್ಟೂ ಕರೆಂಟ್ ಕೊಡುವುದಿಲ್ಲ.

ಆ ‘ಟಿಂಗ್’ ಹೇಗೆ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳೋಣ. ಪ್ಯಾನೆಲ್ ಹಿಂದಿನ ಪುಟ್ಟ ಪೆಟ್ಟಿಗೆಯಲ್ಲಿರುವ ಸರ್ಕ್ಯೂಟ್, ಕೋಶಗಳಿಂದ ಬರುವ ಆರು–ಏಳು ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಯುಎಸ್‌ಬಿಗೆ ಕೊಡುತ್ತದೆ. ಮೊಬೈಲ್ ಕೇಳುವ ಕರೆಂಟನ್ನು ಕೋಶಗಳು ಕೊಡಲಾರದಾಗ ವೋಲ್ಟೇಜ್ ಕುಸಿಯುತ್ತದೆ, ಮೊಬೈಲ್ ಚಾರ್ಜಿಂಗ್ ನಿಲ್ಲಿಸುತ್ತದೆ. ನಿಲ್ಲಿಸಿದೊಡನೆ ಪ್ಯಾನೆಲ್ ಮೇಲಿನ ಹೊರೆ ಇಳಿದು ವೋಲ್ಟೇಜ್ ಮತ್ತೆ ಏರುತ್ತದೆ, ಮೊಬೈಲ್ ಮತ್ತೆ ಕೇಳುತ್ತದೆ, ಮತ್ತೆ ಕುಸಿಯುತ್ತದೆ. ಪ್ರತಿ ಸಲವೂ ಪರದೆ ಬೆಳಗುತ್ತದೆ. ಮೂರು ಗಂಟೆಯಲ್ಲಿ ನೂರಾರು ಸಲ ಪರದೆ ಬೆಳಗಿದರೆ ಬ್ಯಾಟರಿ ಇಳಿಯದೆ ಏನಾದೀತು?

ಇನ್ನು ಆ ಜೇಬು. ದಯವಿಟ್ಟು ಅದರಲ್ಲಿ ಮೊಬೈಲ್ ಇಡಬೇಡಿ. ಬಿಸಿಲಲ್ಲಿರುವ ಕಪ್ಪು ಕೋಶ 60 ಡಿಗ್ರಿ ಮುಟ್ಟುವುದು ಸಾಮಾನ್ಯ, ಅದರ ಬೆನ್ನಿಗೇ ಜೇಬು ಅಂಟಿಕೊಂಡಿರುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸುಮಾರು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಆ ಹಂತ ಬರುವ ಮೊದಲೇ ಮೊಬೈಲ್ ತಾನಾಗಿ ಚಾರ್ಜಿಂಗ್ ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ. ಆ ಜೇಬು ಕೇಬಲ್ ಇಟ್ಟುಕೊಳ್ಳಲು ಮಾತ್ರ.

ಮೂರನೆಯದು, 21 ವ್ಯಾಟ್ ಎಂಬ ಅಂಕಿ. ಅದು ಪ್ರಯೋಗಾಲಯದ ಲೆಕ್ಕ: ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಕೋಶದ ಉಷ್ಣತೆ 25 ಡಿಗ್ರಿ. ಕೋಶ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಶಕ್ತಿ ಕಡಿಮೆಯಾಗುತ್ತದೆ. ನಮ್ಮ ಕರಾವಳಿಯ ಬಿಸಿಲಲ್ಲಿ ಇಂಥ ಪ್ಯಾನೆಲ್‌ನಿಂದ 12ರಿಂದ 15 ವ್ಯಾಟ್ ಬಂದರೆ ಅದು ಆರೋಗ್ಯವಾಗಿದೆ ಎಂದೇ ಅರ್ಥ.

ಕೆಲವು ನೂರು ರೂಪಾಯಿಗೆ ಯುಎಸ್‌ಬಿ ಮೀಟರ್ ಸಿಗುತ್ತದೆ. ಅದನ್ನು ತರಿಸಿ. ಅಳೆಯದೆ ಹೇಳಿದರೆ ನಾವೆಲ್ಲ ಊಹೆ ಹೇಳಿದಂತಾಗುತ್ತದೆ.

ಚಾರ್ಮಾಡಿ ಚಾರಣ | ಭಾನುವಾರ ಬೆಳಿಗ್ಗೆ

ಇಷ್ಟೆಲ್ಲ ತಲೆಬಿಸಿ ಏಕೆ? ಬೆನ್ನಿಗೇ ಸೋಲಾರ್ ಇರುವ 20000 ಎಂಎಎಚ್ ಪವರ್ ಬ್ಯಾಂಕ್ ಬರುತ್ತದಲ್ಲ, ಅದನ್ನು ಚೀಲಕ್ಕೆ ಕಟ್ಟಿಕೊಂಡು ನಡೆದರೆ ಆಯಿತು. ನಾನು ಎರಡು ವರ್ಷದಿಂದ ಬಳಸುತ್ತಿದ್ದೇನೆ, ಚಾರಣದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ಸುರತ್ಕಲ್ ಬೆಸುಗೆ | ಭಾನುವಾರ ಬೆಳಿಗ್ಗೆ

ಮಾರಾಯರೇ, ಅದು ಕೈಕೊಡದಿರುವುದು ನೀವು ಹೊರಡುವ ಮುನ್ನ ಮನೆಯ ಪ್ಲಗ್ಗಿನಿಂದ ತುಂಬಿಸಿಕೊಳ್ಳುವುದರಿಂದ. ಲೆಕ್ಕ ನೋಡಿ. 20000 ಎಂಎಎಚ್ ಎಂದರೆ 3.7 ವೋಲ್ಟ್‌ನಲ್ಲಿ 74 ವ್ಯಾಟ್-ಅವರ್. ಅಂಗೈಯಗಲದ ಆ ಪ್ಯಾನೆಲ್ ನೇರ ಬಿಸಿಲಲ್ಲಿ ಒಂದು, ಒಂದೂಕಾಲು ವ್ಯಾಟ್ ಕೊಟ್ಟೀತು. ಬರಿದಾದ ಬ್ಯಾಂಕ್ ತುಂಬಲು 60 ಗಂಟೆಗೂ ಹೆಚ್ಚು ಬೇಕು. ದಿನಕ್ಕೆ ಐದು ಗಂಟೆಯ ಒಳ್ಳೆಯ ಬಿಸಿಲೆಂದರೂ ಹನ್ನೆರಡು ದಿನಕ್ಕೆ ಕಡಿಮೆಯಿಲ್ಲ. ಅಷ್ಟೂ ದಿನ ಆ ಲಿಥಿಯಂ ಬ್ಯಾಟರಿ ಬಿಸಿಲಲ್ಲಿ ಬೇಯುತ್ತಿರಬೇಕು. ಪ್ಯಾನೆಲ್ ಬಿಸಿಲಲ್ಲಿರಬೇಕು, ಬ್ಯಾಟರಿ ನೆರಳಲ್ಲಿರಬೇಕು. ಎರಡನ್ನೂ ಒಂದೇ ಡಬ್ಬಿಗೆ ಅಂಟಿಸಿದರೆ ಎರಡಕ್ಕೂ ಅನ್ಯಾಯ.

ಯಾವುದೇ ಪ್ಯಾನೆಲ್‌ನ ಅಂಕಿಯನ್ನು ಕಣ್ಣಳತೆಯಲ್ಲೇ ಪರೀಕ್ಷಿಸಬಹುದು. ಎ4 ಹಾಳೆಯಷ್ಟು ಅಗಲದ ಒಳ್ಳೆಯ ಸಿಲಿಕಾನ್ ಕೋಶಗಳಿಂದ ಪ್ರಯೋಗಾಲಯದಲ್ಲೂ 13 ವ್ಯಾಟ್ ಆಸುಪಾಸು ಬರುತ್ತದೆ. ಅಷ್ಟೇ ಅಗಲಕ್ಕೆ 30 ವ್ಯಾಟ್ ಎಂದು ಬರೆದಿದ್ದರೆ ನಂಬಬೇಡಿ.

ಮಲ್ಪೆ ಧಕ್ಕೆ | ಭಾನುವಾರ ಮಧ್ಯಾಹ್ನ

ನಾನು ದೋಣಿಗಳ ಜಿಪಿಎಸ್, ಲೈಟು, ವೈರಿಂಗ್ ರಿಪೇರಿ ಮಾಡುವವನು. ಬೆಸುಗೆಯವರು ಹೇಳಿದ್ದೆಲ್ಲ ಸರಿ. ನನಗೆ ಎರಡು ಸಂಗತಿ ತಿಳಿಯಬೇಕು. ಮೊದಲನೆಯದು, ಪ್ಯಾನೆಲ್ ಇಟ್ಟ ಜಾಗದ ಫೋಟೊ ಇದೆಯೇ? ಎರಡನೆಯದು, ಕೇಬಲ್ ಯಾವುದು, ಎಷ್ಟು ಉದ್ದ?

ಬೆಂಗ್ರೆ ಹಕ್ಕಿಗಣತಿ | ಭಾನುವಾರ ಸಂಜೆ

ಫೋಟೊ ಹಾಕಿದ್ದೇನೆ ಅಣ್ಣ, ಹನ್ನೊಂದೂಕಾಲಕ್ಕೆ ತೆಗೆದದ್ದು. ಕೇಬಲ್ ಎರಡು ಮೀಟರ್ ಉದ್ದದ್ದು. ಪ್ಯಾನೆಲ್ ಒಂದು ಕಡೆ ಇಟ್ಟು ಮೊಬೈಲ್ ದೂರದಲ್ಲಿ ಇಡಬಹುದೆಂದು ಬೇರೆಯಾಗಿ ಕೊಂಡೆ. ಮನೆಯಲ್ಲಿ ಅದನ್ನು ಬಳಸಿಲ್ಲ.

ಮಲ್ಪೆ ಧಕ್ಕೆ | ಭಾನುವಾರ ರಾತ್ರಿ

ಫೋಟೊದ ಬಲಬದಿ ನೋಡಿ, ದೋಣಿಯ ಮೂತಿಯ ಮೇಲೆ ತೆಂಗಿನ ಮರ ಬಾಗಿದೆ. ನಿಮ್ಮ ಪ್ಯಾನೆಲ್ ಮೇಲೆ ಗರಿಯ ನೆರಳಿದೆ. ಎತ್ತರದ ಮರದ ಗರಿಯ ನೆರಳಿಗೆ ಅಂಚು ಇರುವುದಿಲ್ಲ, ಮಸುಕಾಗಿ ಹರಡಿಕೊಂಡಿರುತ್ತದೆ. ಆದ್ದರಿಂದ ಕಣ್ಣಿಗೆ ಬಿಸಿಲೇ ಎನಿಸುತ್ತದೆ. ಗಾಳಿ ಬೀಸಿದಾಗ ಅದು ಪ್ಯಾನೆಲ್ ಉದ್ದಕ್ಕೂ ಓಡಾಡುತ್ತದೆ. ನಾಡದೋಣಿಯ ಮೇಲೆ ಪ್ಯಾನೆಲ್ ಕೂರಿಸುವಾಗ ಕಂಬದ ನೆರಳು, ಹಗ್ಗದ ನೆರಳು ಎಲ್ಲಿ ಬೀಳುತ್ತದೆಂದು ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿ ಆಮೇಲೆ ಸ್ಕ್ರೂ ಹಾಕುತ್ತೇನೆ.

ಮೀಟರ್ ಬಂದ ಮೇಲೆ ಮನೆಯ ತಾರಸಿಯಲ್ಲಿ ಒಂದು ಪ್ರಯೋಗ ಮಾಡಿ. ಮೊದಲು ಒಂದು ಮಡಿಕೆಯನ್ನು ಟವೆಲಿನಿಂದ ಪೂರ್ತಿ ಮುಚ್ಚಿ. ಆಮೇಲೆ ಟವೆಲ್ ತೆಗೆದು, ಮೂರು ಮಡಿಕೆಗಳಲ್ಲೂ ಒಂದೊಂದೇ ಕೋಶ ಮುಚ್ಚಿ. ಎರಡರ ಅಂಕಿಯನ್ನೂ ಇಲ್ಲಿ ಬರೆಯಿರಿ.

ಬೆಂಗ್ರೆ ಹಕ್ಕಿಗಣತಿ | ಬುಧವಾರ ಮಧ್ಯಾಹ್ನ

ಮೀಟರ್ ಬಂತು. ರಜೆ ಹಾಕಿ ತಾರಸಿಯಲ್ಲಿ ಕುಳಿತು ಅಳೆದೆ. ಹನ್ನೆರಡು ಗಂಟೆ, ಶುದ್ಧ ಬಿಸಿಲು, ಮೊಬೈಲ್ ನೀರಿನ ಟ್ಯಾಂಕಿನ ನೆರಳಲ್ಲಿ.

ಅರ್ಧ ಮೀಟರಿನ ಹಳೆಯ ಕೇಬಲ್‌ನಲ್ಲಿ 5.06 ವೋಲ್ಟ್, 1.8 ಆಂಪಿಯರ್. ಒಂದು ಮಡಿಕೆಗೆ ಟವೆಲ್ ಹೊದಿಸಿದೆ: 1.7 ಆಂಪಿಯರ್. ಅಷ್ಟೇನೂ ವ್ಯತ್ಯಾಸವಿಲ್ಲವಲ್ಲ ಎಂದುಕೊಂಡೆ. ಆಮೇಲೆ ಹಳೆಯ ಮದುವೆ ಕರೆಯೋಲೆಯಿಂದ ಮೂರು ತುಂಡು ಕತ್ತರಿಸಿ ಪ್ರತಿ ಮಡಿಕೆಯ ಒಂದೊಂದು ಕೋಶದ ಮೇಲಿಟ್ಟೆ. ಅಂಕಿ 0.1ಕ್ಕೆ ಬಿತ್ತು, ಮೊಬೈಲ್ ‘ಟಿಂಗ್, ಟಿಂಗ್’ ಎನ್ನತೊಡಗಿತು. ದೋಣಿಯ ಮೇಲೆ ಕೇಳಿದ ಅದೇ ಸದ್ದು! ಟವೆಲ್‌ನ ಹತ್ತರಲ್ಲಿ ಒಂದು ಪಾಲೂ ಇಲ್ಲದ ಕಾಗದ ಇಷ್ಟು ಮಾಡುವುದೇ?

ಎರಡು ಮೀಟರ್ ಕೇಬಲ್‌ನಲ್ಲಿ ಕರೆಂಟ್ 1.1 ಆಂಪಿಯರ್ ದಾಟಲಿಲ್ಲ. ಆಗ ಪ್ಯಾನೆಲ್ ತುದಿಯಲ್ಲಿ 5.05 ವೋಲ್ಟ್, ಮೊಬೈಲ್ ತುದಿಯಲ್ಲಿ 4.42.

ಸುರತ್ಕಲ್ ಬೆಸುಗೆ | ಬುಧವಾರ ಸಂಜೆ

ಬಹಳ ಒಳ್ಳೆಯ ಅಳತೆ. ನಿಮ್ಮ ಪ್ಯಾನೆಲ್‌ನಲ್ಲಿ ಒಂದು ಮಡಿಕೆಯೊಳಗಿನ ಕೋಶಗಳು ಸರಣಿಯಲ್ಲಿವೆ, ಮೂರು ಮಡಿಕೆಗಳು ಸಮಾಂತರದಲ್ಲಿವೆ ಎಂದು ಇದರಿಂದ ತಿಳಿಯುತ್ತದೆ. ಸರಣಿ ಎಂದರೆ ಒಂದೇ ತೋಡಿನ ನೀರು ಹರಿದಂತೆ: ಒಂದು ಕಡೆ ಕಟ್ಟಿದರೆ ಕೆಳಗೆ ಎಲ್ಲಿಗೂ ನೀರಿಲ್ಲ. ಟವೆಲ್ ಹೊದಿಸಿದಾಗ ಮೂರು ತೋಡುಗಳಲ್ಲಿ ಒಂದು ಮಾತ್ರ ನಿಂತಿತು, ಉಳಿದ ಎರಡು ಮೊಬೈಲ್ ಕೇಳಿದ್ದನ್ನು ಹೆಚ್ಚುಕಡಿಮೆ ಕೊಟ್ಟವು. ಕಾಗದ ಇಟ್ಟಾಗ ಮೂರೂ ನಿಂತವು. ದೊಡ್ಡ ಪ್ಯಾನೆಲ್‌ಗಳಲ್ಲಿ ಕರೆಂಟ್ ನೆರಳಾದ ಭಾಗವನ್ನು ಬಿಟ್ಟು ಪಕ್ಕದಿಂದ ಹಾದುಹೋಗಲು ಬೈಪಾಸ್ ಡಯೋಡ್ ಇರುತ್ತದೆ, ಇಂಥ ಚಿಕ್ಕದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಡ್ಡಲಾಗಿ ಬಿದ್ದ ಗರಿಯ ನೆರಳು ಮಾಡಿದ್ದೂ ಇದನ್ನೇ.

ಕೇಬಲ್‌ನಲ್ಲಿ 0.63 ವೋಲ್ಟ್ ಕಳೆದುಹೋಗುತ್ತಿದೆ. ಒಳಗಿನ ತಂತಿ ತೀರಾ ತೆಳ್ಳಗಿದೆ. ವೋಲ್ಟೇಜ್ 4.4ರ ಹತ್ತಿರ ಬಂದಾಗ ಮೊಬೈಲ್ ತಾನೇ ಹಿಂದೆ ಸರಿದು ಕಡಿಮೆ ಕರೆಂಟ್ ಎಳೆಯುತ್ತದೆ. ಆ ಕೇಬಲ್ ಇಲ್ಲಿಗೆ ಬೇಡ. ಅರ್ಧ ಮೀಟರಿನದು ಸಾಕು.

ಕೊನೆಯದಾಗಿ, ಮೊಬೈಲನ್ನು ಪ್ಯಾನೆಲ್‌ಗೆ ನೇರವಾಗಿ ಜೋಡಿಸುವುದನ್ನೇ ಬಿಡಿ. ನೆರಳು ಒಮ್ಮೆ ಹಾದುಹೋದರೆ ಕೆಲವು ಮೊಬೈಲ್‌ಗಳು ಕಡಿಮೆ ಕರೆಂಟಿಗೆ ಇಳಿದು, ಬಿಸಿಲು ಬಂದ ಮೇಲೂ ಅಲ್ಲೇ ಉಳಿಯುತ್ತವೆ, ಕೇಬಲ್ ಕಿತ್ತು ಹಾಕುವವರೆಗೆ ಏರುವುದಿಲ್ಲ. ನಡುವೆ ಒಂದು ಸಾಧಾರಣ 10000 ಎಂಎಎಚ್ ಪವರ್ ಬ್ಯಾಂಕ್ ಇರಲಿ. ಬರಿದಾಗಿದ್ದರೂ ಒಳ್ಳೆಯ ಬಿಸಿಲಲ್ಲಿ ನಾಲ್ಕೈದು ಗಂಟೆಯಲ್ಲಿ ತುಂಬುತ್ತದೆ, ನಿಮ್ಮ ಮೊಬೈಲನ್ನು ಹೆಚ್ಚುಕಡಿಮೆ ಒಂದೂವರೆ ಸಲ ತುಂಬಿಸುತ್ತದೆ. ಬ್ಯಾಂಕ್ ಕೂಡ ನೆರಳಲ್ಲೇ ಇರಬೇಕು.

ಮಲ್ಪೆ ಧಕ್ಕೆ | ಬುಧವಾರ ರಾತ್ರಿ

ಪ್ಯಾನೆಲ್ ಇಡುವ ಕೋನದ ಬಗ್ಗೆ ಯಾರೂ ಹೇಳಲಿಲ್ಲ. ಉಡುಪಿ ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಆಗ ನೆಲಕ್ಕೆ ಹಾಸಿದರೂ ನಡೆಯುತ್ತದೆ. ಡಿಸೆಂಬರ್ ಕೊನೆಗೆ ಮಧ್ಯಾಹ್ನವೂ ಅವನು 53 ಡಿಗ್ರಿಗಿಂತ ಮೇಲೇರುವುದಿಲ್ಲ, ಹಾಸಿಟ್ಟ ಪ್ಯಾನೆಲ್‌ಗೆ ಐದರಲ್ಲಿ ಒಂದು ಪಾಲು ಬೆಳಕು ನಷ್ಟ. ಫೆಬ್ರವರಿಯಲ್ಲೂ ದಕ್ಷಿಣಕ್ಕೆ ಸ್ವಲ್ಪ ಓರೆ ಮಾಡಬೇಕು. ಡಿಗ್ರಿ ಅಳೆಯುವ ಅಗತ್ಯವಿಲ್ಲ. ಹಿಡಿಸೂಡಿಯ ಕಡ್ಡಿಯ ತುಂಡೊಂದನ್ನು ಪ್ಯಾನೆಲ್ ಮೇಲೆ ನೆಟ್ಟಗೆ ಹಿಡಿದುಕೊಳ್ಳಿ. ಅದರ ನೆರಳು ಪೂರ್ತಿ ಮಾಯವಾಗುವ ತನಕ ಪ್ಯಾನೆಲನ್ನು ವಾಲಿಸಿ. ಗಂಟೆಗೊಮ್ಮೆ ಹೀಗೆ ಮಾಡಿದರೆ ಸಾಕು.

ಉಪ್ಪಿನ ವಿಷಯ ಇದಕ್ಕಿಂತ ಮುಖ್ಯ. ಮೊಬೈಲ್‌ನ ಚಾರ್ಜಿಂಗ್ ತೂತಿಗೆ ಟಾರ್ಚ್ ಹಿಡಿದು ನೋಡಿ, ಹಸಿರು ಅಥವಾ ಬಿಳಿ ಪುಡಿ ಕಾಣುತ್ತದೆಯೇ? ಕಡಲಗಾಳಿಯ ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ತೇವದಲ್ಲೇ ಚಾರ್ಜ್ ಮಾಡಿದರೆ ಪಿನ್ನುಗಳು ಬೇಗ ತಿಂದುಹೋಗುತ್ತವೆ. ಪುಡಿ ಕಂಡರೆ ಮೊಬೈಲ್ ಆಫ್ ಮಾಡಿ, ಒಣಗಿದ ಮೃದು ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೇ ಹನಿ ಹಾಕಿ ಉಜ್ಜಿ, ಪೂರ್ತಿ ಆರಲು ಬಿಡಿ. ಗುಂಡುಸೂಜಿ ಹಾಕಬೇಡಿ. ದೋಣಿಯ ಬ್ಯಾಟರಿ ಟರ್ಮಿನಲ್‌ಗೆ ಸವರುವ ವ್ಯಾಸಲಿನ್ ಇಲ್ಲಿ ಬೇಡವೇ ಬೇಡ. ಪ್ಯಾನೆಲ್ ಮೇಲಿನ ಉಪ್ಪನ್ನು ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ.

ಕದ್ರಿ ಗುಡ್ಡೆ | ಗುರುವಾರ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಾನು ಮಂಗಳೂರಿನವನು. ಆಟಿ ತಿಂಗಳಲ್ಲಿ ತೋಟದ ಶೆಡ್ಡಿನಲ್ಲಿ ಇದೇ ತರಹದ ಪ್ಯಾನೆಲ್ ನಂಬಿಕೊಳ್ಳಬಹುದೇ?

ಸುರತ್ಕಲ್ ಬೆಸುಗೆ | ಗುರುವಾರ

ಬೇಡ. ದಟ್ಟ ಮೋಡದಲ್ಲಿ ಹತ್ತರಲ್ಲಿ ಒಂದು, ಎರಡು ಪಾಲು ಬಂದರೆ ಹೆಚ್ಚು. ಮಳೆಗಾಲಕ್ಕೆ ಮನೆಯಲ್ಲೇ ತುಂಬಿಸಿದ ಪವರ್ ಬ್ಯಾಂಕ್ ಒಯ್ಯಿರಿ.

ಬೆಂಗ್ರೆ ಹಕ್ಕಿಗಣತಿ | ಭಾನುವಾರ ರಾತ್ರಿ

ಪ್ಯಾನೆಲ್ ಹಿಂದಿರುಗಿಸಲಿಲ್ಲ. ಈ ಎರಡು ದಿನ ಬೆಂಗ್ರೆಯಲ್ಲಿ ಅದೇ ದೋಣಿ, ಆದರೆ ತೆಂಗಿನ ಮರದಿಂದ ದೂರದ ತುದಿ. ಪ್ಯಾನೆಲ್ ಅಡಿಗೆ ತೆಂಗಿನ ಸಿಪ್ಪೆ ಕೊಟ್ಟು ದಕ್ಷಿಣಕ್ಕೆ ಓರೆ ಮಾಡಿದೆ. ಕಡ್ಡಿಯ ನೆರಳು ಕುಗ್ಗುತ್ತ ಕುಗ್ಗುತ್ತ ಬುಡದೊಳಗೆ ಸೇರಿಹೋಗುವುದನ್ನು ನೋಡುವುದೇ ಒಂದು ಸಂತೋಷ. ಪವರ್ ಬ್ಯಾಂಕನ್ನು ದೋಣಿಯಡಿಯ ಮರಳಿನ ನೆರಳಲ್ಲಿ ಬಟ್ಟೆಚೀಲದಲ್ಲಿಟ್ಟೆ. ಮೀಟರ್ ಹೆಚ್ಚಿನ ಹೊತ್ತು 2 ಆಂಪಿಯರ್‌ಗಿಂತ ಮೇಲೆಯೇ ಇತ್ತು. ಎರಡನೆಯ ದಿನ ಸಂಜೆ ಮನೆಗೆ ಹೊರಟಾಗ ಮೊಬೈಲ್ ಶೇಕಡಾ 78!

ಒಂದು ತೊಂದರೆ ಉಳಿದಿದೆ. ರೆಕಾರ್ಡರನ್ನು ಪವರ್ ಬ್ಯಾಂಕಿಗೆ ಜೋಡಿಸಿ ರಾತ್ರಿ ಬಿಟ್ಟರೆ ಅರ್ಧ ನಿಮಿಷದಲ್ಲಿ ಬ್ಯಾಂಕ್ ತಾನಾಗಿ ಆಫ್ ಆಗುತ್ತದೆ. ಇನ್ನು, ಚಾರ್ಜಿಂಗ್ ತೂತಿನಲ್ಲಿ ಹಸಿರು ಪುಡಿ ಇತ್ತು ಅಣ್ಣ. ಬ್ರಷ್ ಮಾಡಿದೆ, ಆದರೂ ಕೇಬಲ್ ಅಲುಗಾಡಿದರೆ ಸಂಪರ್ಕ ತಪ್ಪುತ್ತದೆ.

ಸುರತ್ಕಲ್ ಬೆಸುಗೆ | ಭಾನುವಾರ ರಾತ್ರಿ

ರೆಕಾರ್ಡರ್ ಎಳೆಯುವ ಕರೆಂಟ್ ತೀರಾ ಕಡಿಮೆ. 50–100 ಮಿಲಿಆಂಪಿಯರ್‌ಗಿಂತ ಕೆಳಗಿದ್ದರೆ ಅನೇಕ ಬ್ಯಾಂಕ್‌ಗಳು ಏನೂ ಜೋಡಿಸಿಲ್ಲ ಎಂದು ಭಾವಿಸಿ ನಿಲ್ಲುತ್ತವೆ. ಕೆಲವದರಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಸಾಧನಗಳಿಗೆಂದೇ ಇರುವ ವ್ಯವಸ್ಥೆ ಚಾಲೂ ಆಗುತ್ತದೆ. ನಿಮ್ಮದರಲ್ಲಿ ಇದೆಯೇ ಎಂದು ಜೊತೆಗೆ ಬಂದ ಕಾಗದ ನೋಡಿ. ಇಲ್ಲದಿದ್ದರೆ, ರೆಕಾರ್ಡರ್ ಎಎ ಸೆಲ್ ಹಾಕುವಂಥದ್ದಾದರೆ ರೀಚಾರ್ಜ್ ಮಾಡುವ ನಿಕಲ್ ಸೆಲ್‌ಗಳನ್ನು ಹಾಕಿ, ಹಗಲು ಯುಎಸ್‌ಬಿ ಚಾರ್ಜರ್‌ನಲ್ಲಿ ತುಂಬಿಸಿಕೊಳ್ಳಿ.

ಮಲ್ಪೆ ಧಕ್ಕೆ | ಸೋಮವಾರ ಬೆಳಿಗ್ಗೆ

ಅಲುಗಾಡಿದರೆ ತಪ್ಪುತ್ತದೆ ಎಂದರೆ ಪಿನ್ನು ಸವೆದಿರಬಹುದು. ಇಲ್ಲಿಯವರೆಗೆ ಉಜ್ಜಿದ್ದು ಸಾಕು, ಇನ್ನೂ ಕೆರೆಯಬೇಡಿ. ಮುಂದಿನ ಸಲ ಹೂಡೆ ರಸ್ತೆಯಲ್ಲಿ ಬೆಂಗ್ರೆಗೆ ಹೋಗುವ ಮೊದಲು ಧಕ್ಕೆಗೆ ಬನ್ನಿ. ಭೂತಗನ್ನಡಿಯಲ್ಲಿ ನೋಡಿ, ಬದಲಿಸಲೇಬೇಕಿದ್ದರೆ ಬದಲಿಸಿಕೊಡುತ್ತೇನೆ. ಆ ಎರಡು ಮೀಟರ್ ಕೇಬಲನ್ನೂ ತನ್ನಿ, ಕತ್ತರಿಸಿ ಒಳಗಿನ ತಂತಿ ಎಷ್ಟು ಎಳೆ ಇದೆ ಎಂದು ಎಣಿಸೋಣ.