ಪದಚರ್ಚೆ: ಹೊಟ್ಟೆಯಲ್ಲಿ ಹುಳ ‘ಆಗುತ್ತಾ’, ‘ಸೇರುತ್ತಾ’?

ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆಯ ಒಂದು ಅಂಗನವಾಡಿಗೆ ಕರಪತ್ರ ಬರೆದುಕೊಡುತ್ತಿದ್ದೇನೆ, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಕ್ಕೆ. 2015ರಲ್ಲಿ ಶುರುವಾದ ಕಾರ್ಯಕ್ರಮ. ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರಲ್ಲ, ಅದೇ. ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ತೊಡಕಿರುವುದು ಕ್ರಿಯಾಪದದಲ್ಲಿ.

ನಮ್ಮ ಕಡೆ ‘ಹೊಟ್ಟೇಲಿ ಹುಳ ಆಗವೆ’ ಅಂತಾರೆ (ಬಾಯಲ್ಲಿ ಅದು ‘ಒಟ್ಟೇಲಿ ಉಳ’). ಬೆಲ್ಲ ಜಾಸ್ತಿ ತಿಂದರೆ ಹುಳ ಆಗ್ತವೆ ಅನ್ನೋದು ಅದರ ಬೆನ್ನಿಗೇ ಬರುತ್ತದೆ. ‘ಆಗು’ ಅಂದರೆ ಹುಳ ಒಳಗೇ ತಾನಾಗಿ ಹುಟ್ಟಿದ ಹಾಗೆ ಕೇಳುತ್ತದೆ, ಅಲ್ವಾ? ಆದರೆ ಅದು ಹೊರಗಿಂದ ಬಂದದ್ದು. ಬಯಲಿಗೆ ಹೋದವರ ಮಲದ ಜೊತೆ ದುಂಡುಹುಳುವಿನ ಮೊಟ್ಟೆ ಮಣ್ಣು ಸೇರಿ, ಅಲ್ಲೇ ಕೆಲವು ವಾರ ಬಲಿತು, ಆಮೇಲೆ ಉಗುರಿನ ಸಂದಿಯಿಂದಲೋ ತೊಳೆಯದ ಸೊಪ್ಪಿನಿಂದಲೋ ಬಾಯಿಗೆ ಬರುತ್ತದೆ. ಕೊಕ್ಕೆಹುಳುವಿನ ದಾರಿ ಇನ್ನೂ ಸುತ್ತು. ಅದರ ಮರಿ ಒದ್ದೆ ಮಣ್ಣಲ್ಲಿ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತೆ. ರಕ್ತದ ಜೊತೆ ಶ್ವಾಸಕೋಶ ಮುಟ್ಟಿ, ಗಂಟಲಿಗೆ ಹತ್ತಿ, ಅಲ್ಲಿಂದ ಕರುಳಿಗೆ ಇಳಿದು ರಕ್ತ ಹೀರುತ್ತೆ. ಇಷ್ಟೆಲ್ಲ ತಿರುಗಿ ಬಂದದ್ದನ್ನು ಸುಮ್ನೆ ‘ಆಯ್ತು’ ಅನ್ನೋಕೆ ಮನಸ್ಸು ಒಪ್ಪುತ್ತಿಲ್ಲ.

‘ಸೋಂಕು’ ಅಂತ ಬರೆಯಬಹುದು. ಹಳೆಯ ಪದವೇ, ತಾಗು ಅನ್ನೋ ಅರ್ಥ; ‘ಗಾಳಿ ಸೋಕಿದೆ’ ಅಂತ ತಾಯತ ಕಟ್ಟಿಸುವವರು ಈಗಲೂ ಇದ್ದಾರೆ. ಆದರೆ 2020ರ ಆಮೇಲೆ ಸೋಂಕು ಅಂದರೆ ಕೊರೊನಾ. ಓದಿದ ತಾಯಿ ಮಗುವನ್ನು ಬೇರೆ ಮಲಗಿಸಿಯಾಳು. ಈ ಹುಳಗಳು ಹಾಗೆ ಮೈಯಿಂದ ಮೈಗೆ ದಾಟುವುದಿಲ್ಲ, ನಡುವೆ ಮಣ್ಣು ಬೇಕೇ ಬೇಕು. ‘ಅಂಟು’ ಅನ್ನೋದಕ್ಕೂ ಇದೇ ತೊಂದರೆ. ‘ಹತ್ತು’ ಕಜ್ಜಿಗೆ ಸರಿ. ‘ಹುಳ ಬಿತ್ತು’ ಅಂತೂ ಬೇಡವೇ ಬೇಡ: ಗಾಯಕ್ಕೆ ಹುಳ ಬಿತ್ತು ಅಂದರೆ ಬಂತು ಅಂತ, ಮಾತ್ರೆ ತಗೊಂಡ ಮೇಲೆ ಹುಳ ಬಿತ್ತು ಅಂದರೆ ಹೋಯ್ತು ಅಂತ!

ಸದ್ಯಕ್ಕೆ ‘ಹುಳ ಮಣ್ಣಿಂದ ಹೊಟ್ಟೆ ಸೇರುತ್ತೆ’ ಅಂತ ಬರೆದಿದ್ದೇನೆ. ಕೊಕ್ಕೆಹುಳುವಿಗೆ ‘ಹೊಗು’ ಚೆನ್ನಾಗಿರುತ್ತಾ? ಕುರಿ ಸಾಕುವವರ ಮಾತಲ್ಲಿ ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಸಣ್ಣ ಪ್ರಶ್ನೆ. ಮಾತ್ರೆ ಅಂದ ಮೇಲೆ ಕೈ ತಾನಾಗಿ ‘ನುಂಗಿಸಿ’ ಅಂತ ಬರೆಯುತ್ತೆ. ಇಲ್ಲಿ ಅದು ತಪ್ಪು, ಗಂಟಲಿಗೆ ಸಿಕ್ಕೀತು. 1–2 ವರ್ಷದ ಮಗುವಿಗೆ ಅರ್ಧ ಮಾತ್ರೆ, 2–3 ವರ್ಷಕ್ಕೆ ಒಂದು, ಎರಡನ್ನೂ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬೇಕು. ಅದಕ್ಕಿಂತ ದೊಡ್ಡವರು ಹಲ್ಲಲ್ಲಿ ನುರಿದೇ ತಿನ್ನಬೇಕು. ‘ಅಗಿ’ ಅಂದರೆ ನಮ್ಮಲ್ಲಿ ಗುಂಡಿ ಅಗಿಯೋದೂ ಹೌದು. ‘ಜಗಿ’ ಅಂದರೆ ಎಲೆ ಅಡಿಕೆ ನೆನಪಾಗುತ್ತೆ, ಉಗಿದುಬಿಟ್ಟರೆ ಕಷ್ಟ. ‘ಚೀಪು’ ಅಂದರೆ ಬಾಯಲ್ಲೇ ಇಟ್ಟುಕೊಂಡು ಕೂರುತ್ತಾರೆ. ಮೈಸೂರು, ಮಂಡ್ಯ ಕಡೆಯವರು ಮನೇಲಿ ಮಗುವಿಗೆ ಏನಂತ ಹೇಳ್ತೀರಿ?