ಹ್ಯೂಗೋ ಪ್ರಶಸ್ತಿ: ಹೊಸ ಸದಸ್ಯರು ಗುಂಪಾಗಿ ಸೇರಿದರೆ ಫಲಿತಾಂಶ ಬದಲಾಗುತ್ತಾ?

ತುಂಗಾತೀರ:
ನಮ್ಮ ಬಳಗದಲ್ಲಿ ವೈಜ್ಞಾನಿಕ ಕಥೆ, ಕಾದಂಬರಿ ಓದುವವರು ಹನ್ನೆರಡು ಮಂದಿ ಇದ್ದೇವೆ. ವರ್ಲ್ಡ್‌ಕಾನ್‌ಗೆ (ಪ್ರತಿವರ್ಷದ ವಿಶ್ವ ವೈಜ್ಞಾನಿಕ ಕಥಾಸಾಹಿತ್ಯ ಸಮ್ಮೇಳನ) ಹೋಗದೆಯೂ ಸದಸ್ಯರಾಗಿ, ಅದರ ಸದಸ್ಯರೇ ಮತ ಹಾಕಿ ಕೊಡುವ ಹ್ಯೂಗೋ ಪ್ರಶಸ್ತಿಗೆ ಮತ ಹಾಕಬಹುದಂತೆ. ಹೊಸಬರ ಮತಕ್ಕೆ ನಿಜಕ್ಕೂ ತೂಕ ಇದೆಯಾ? ಎಲ್ಲರೂ ಸೇರಿ ಒಂದೇ ಪಟ್ಟಿ ಹಾಕಿದರೆ ತಪ್ಪಾಗುತ್ತಾ?

ಮತಗಣಕ:
ತೂಕ ಇದೆ, ಆದರೆ ಅದೆಲ್ಲ ನಾಮನಿರ್ದೇಶನದ ಹಂತದಲ್ಲಿ. ಅಲ್ಲಿ ಪ್ರತಿ ವಿಭಾಗಕ್ಕೆ ಐದು ಹೆಸರಿನವರೆಗೆ ಬರೆಯಬಹುದು, ಆರು ಕೃತಿಗಳು ಅಂತಿಮ ಪಟ್ಟಿ ಸೇರುತ್ತವೆ. ಸಣ್ಣಕತೆಯಂಥ ವಿಭಾಗದಲ್ಲಿ ಮತಗಳು ನೂರಾರು ಕತೆಗಳಿಗೆ ಹಂಚಿಹೋಗುವುದರಿಂದ, ಹತ್ತು ಹನ್ನೆರಡು ಮತ ಹೆಚ್ಚು ಬಿದ್ದರೂ ಒಂದು ಕತೆ ಮೇಲೆ ಬರಬಹುದು. ಅಂತಿಮ ಮತದಾನದಲ್ಲಿ ಸಾವಿರಾರು ಜನ ಇರುತ್ತಾರೆ, ಅಲ್ಲಿ ಹನ್ನೆರಡು ಮತ ಲೆಕ್ಕಕ್ಕೆ ಸಿಗುವುದು ಅಪರೂಪ.

ಹೊಸಬರು ಎಡವುವುದು ದಿನಾಂಕದಲ್ಲಿ. ಜನವರಿ 31ರೊಳಗೆ ಸದಸ್ಯರಾಗಿರದಿದ್ದರೆ ಆ ವರ್ಷ ನಾಮನಿರ್ದೇಶನ ಮಾಡುವಂತಿಲ್ಲ. ಹಿಂದಿನ ವರ್ಷದ ಸದಸ್ಯರಿಗೆ ನಾಮನಿರ್ದೇಶನದ ಹಕ್ಕು ಇದೆ, ಅಂತಿಮ ಮತದ ಹಕ್ಕಿಲ್ಲ. ಉದಾಹರಣೆಗೆ 2025ರ ಸಿಯಾಟಲ್ ವರ್ಲ್ಡ್‌ಕಾನ್ ಸದಸ್ಯರು 2026ಕ್ಕೆ ಹೆಸರು ಸೂಚಿಸಬಹುದು. ಅಂತಿಮ ಮತ ಹಾಕಬೇಕಾದರೆ 2026ರ ಸದಸ್ಯತ್ವವನ್ನೇ ತೆಗೆದುಕೊಳ್ಳಬೇಕು. ಸಮ್ಮೇಳನಕ್ಕೆ ಹೋಗದವರು ಡಬ್ಲ್ಯುಎಸ್‌ಎಫ್‌ಎಸ್ (ವರ್ಲ್ಡ್‌ಕಾನ್ ಹಿಂದಿರುವ ವರ್ಲ್ಡ್ ಸೈನ್ಸ್ ಫಿಕ್ಷನ್ ಸೊಸೈಟಿ) ಸದಸ್ಯತ್ವವನ್ನಷ್ಟೇ ಪಡೆದರೆ ಸಾಕು, ಈಚೆಗೆ ಅದು 50 ಡಾಲರ್ ಆಸುಪಾಸಿನಲ್ಲಿದೆ.

ಅಂಚೆಪೆಟ್ಟಿಗೆ:
ಒಂದೇ ಪಟ್ಟಿಯ ಯೋಚನೆ ದಯವಿಟ್ಟು ಬಿಡಿ. 2015ರಲ್ಲಿ ಸ್ಯಾಡ್ ಪಪ್ಪೀಸ್, ರ‍್ಯಾಬಿಡ್ ಪಪ್ಪೀಸ್ ಎಂಬ ಎರಡು ಗುಂಪುಗಳು ಮಾಡಿದ್ದು ಅದನ್ನೇ. ಆಗ ನಾಮನಿರ್ದೇಶನದ ಮತಪತ್ರಗಳು ಬರೀ 2,122 ಇದ್ದುದರಿಂದ ಕೆಲವು ವಿಭಾಗಗಳು ಪೂರ್ತಿ ಅವರ ಪಾಲಾದವು. ಅದಕ್ಕೆ ಉತ್ತರ ಕೊಟ್ಟವರಲ್ಲೂ ಹೊಸಬರು ಬಹಳ ಇದ್ದರು: 40 ಡಾಲರ್ ಕಟ್ಟಿ ಸೇರಿದವರಿಂದ ಅಂತಿಮ ಮತಪತ್ರ 5,950ಕ್ಕೆ ಏರಿತು, ಐದು ವಿಭಾಗಗಳಲ್ಲಿ ‘ನೋ ಅವಾರ್ಡ್’ (ಯಾರಿಗೂ ಪ್ರಶಸ್ತಿ ಬೇಡ ಎಂಬ ಆಯ್ಕೆ) ಗೆದ್ದಿತು.

2017ರಿಂದ ‘ಇ ಪ್ಲುರಿಬಸ್ ಹ್ಯೂಗೋ’ ಎಂಬ ಎಣಿಕೆ ಪದ್ಧತಿ ಇದೆ. ಒಂದು ವಿಭಾಗದಲ್ಲಿ ನಿಮ್ಮ ಮತಪತ್ರಕ್ಕೆ ಒಂದೇ ಅಂಕ, ಬರೆದ ಹೆಸರುಗಳಿಗೆ ಅದು ಸಮನಾಗಿ ಹಂಚಿಹೋಗುತ್ತದೆ. ನೂರು ಜನ ಅದೇ ಐದು ಹೆಸರು ಬರೆದರೆ ಒಂದೊಂದಕ್ಕೆ 20 ಅಂಕ. ಪ್ರತಿ ಸುತ್ತಿನಲ್ಲಿ ತೀರಾ ಕಡಿಮೆ ಅಂಕದ ಎರಡು ಕೃತಿಗಳನ್ನು ಹೋಲಿಸಿ, ಕಡಿಮೆ ಮತಪತ್ರಗಳಲ್ಲಿ ಕಂಡದ್ದನ್ನು ತೆಗೆದುಹಾಕುತ್ತಾರೆ. ಅದರ ಪಾಲು ಅದೇ ಮತಪತ್ರದ ಉಳಿದ ಹೆಸರುಗಳಿಗೆ ಹೋಗುತ್ತದೆ. ಒಂದೇ ಪಟ್ಟಿಯ ಕೃತಿಗಳ ಅಂಕಗಳೂ ಹತ್ತಿರಹತ್ತಿರ ಇರುವುದರಿಂದ ಅವು ತಮ್ಮತಮ್ಮಲ್ಲೇ ಎದುರಾಗಿ ಬೀಳುತ್ತವೆ. ಇದಕ್ಕೆ ಬದಲು 60 ಜನ ತಮ್ಮ ಪಾಡಿಗೆ ತಾವು ಮೆಚ್ಚಿ ಬರೆದ ಕೃತಿಗೆ, ಅವರ ಉಳಿದ ಆಯ್ಕೆಗಳು ಬಿದ್ದುಹೋದ ಹಾಗೆ, ಅಂಕ 30, 40 ಎಂದು ಏರುತ್ತದೆ. ಪದ್ಧತಿ ಚೆನ್ನಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೂ ಇಂಥ ಒಂದೇ ಪಟ್ಟಿಯ (ಸ್ಲೇಟ್) ಒಂದೆರಡು ಕೃತಿ ನುಸುಳುವುದನ್ನು ಇದು ತಡೆಯಲಾರದು.

ಮತಗಣಕ:
ಇನ್ನೊಂದು ಎಚ್ಚರಿಕೆ. 2024ರ ಗ್ಲಾಸ್ಗೋ ವರ್ಲ್ಡ್‌ಕಾನ್‌ನಲ್ಲಿ 3,813 ಅಂತಿಮ ಮತಪತ್ರಗಳ ಪೈಕಿ 377ನ್ನು ರದ್ದು ಮಾಡಿದರು. ಕೆಲವು ಮತದಾರರ ಸರ್‌ನೇಮ್‌ಗಳಲ್ಲಿ ಮೊದಲ ಅಕ್ಷರವಷ್ಟೇ ಬೇರೆ, ಅದೂ ವರ್ಣಮಾಲೆಯ ಕ್ರಮದಲ್ಲಿ! ಬೇರೆ ಕೆಲವರ ಹೆಸರುಗಳು ಸಾಲಾಗಿ ಬರುವ ಅಂಕಿಗಳ ಅನುವಾದ. ಹೇಳಿದಂತೆ ಮತ ಹಾಕಿದವರಿಗೆ ಯಾರೋ ಸದಸ್ಯತ್ವದ ಹಣ ವಾಪಸು ಕೊಟ್ಟಿದ್ದಾರೆ ಎಂಬ ವರದಿಯೂ ಸಂಘಟಕರಿಗೆ ಬಂದಿತ್ತು. ಲಾಭ ಪಡೆಯಬಹುದಾಗಿದ್ದ ಸ್ಪರ್ಧಿಗೆ ಇದು ಗೊತ್ತಿತ್ತು ಎನ್ನಲು ಪುರಾವೆ ಇರಲಿಲ್ಲ, ಆದ್ದರಿಂದ ಅವರ ಹೆಸರು ಬಹಿರಂಗಪಡಿಸಲಿಲ್ಲ. ನಿಮ್ಮಲ್ಲಿ ಪ್ರತಿಯೊಬ್ಬರೂ ಸ್ವಂತ ಹೆಸರು, ಸ್ವಂತ ಇಮೇಲ್ ಕೊಟ್ಟು ಸೇರಿ, ಮತಪತ್ರವನ್ನು ಅವರವರೇ ತುಂಬಲಿ.

ತುಂಗಾತೀರ:
ಹಾಗಾದರೆ ಬಳಗವಾಗಿ ಮಾಡಬಹುದಾದದ್ದು ಏನು? ಕನ್ನಡದ ಕತೆ ಸೂಚಿಸಬಹುದಾ?

ಅಂಚೆಪೆಟ್ಟಿಗೆ:
ಧಾರಾಳವಾಗಿ. ಭಾಷೆಯ ನಿರ್ಬಂಧ ಇಲ್ಲ. ಕನ್ನಡದಲ್ಲಿ ಮೊದಲು ಪ್ರಕಟವಾದ ವರ್ಷಕ್ಕೆ ಒಮ್ಮೆ, ಇಂಗ್ಲಿಷ್ ಅನುವಾದ ಮೊದಲ ಸಲ ಬಂದ ವರ್ಷಕ್ಕೆ ಇನ್ನೊಮ್ಮೆ ಅರ್ಹತೆ ಸಿಗುತ್ತದೆ. ಓದುವವರು ಹೆಚ್ಚಿರುವುದು ಇಂಗ್ಲಿಷಿನಲ್ಲಿ, ಹಾಗಾಗಿ ಅನುವಾದದ ವರ್ಷವೇ ನಿಮಗೆ ಅನುಕೂಲ. ವಿಭಾಗ ಸರಿಯಾಗಿ ನೋಡಿ: 7,500 ಪದಗಳೊಳಗೆ ಸಣ್ಣಕತೆ, 17,500ರವರೆಗೆ ನಾವೆಲೆಟ್ (ನೀಳ್ಗತೆ), 40,000ದವರೆಗೆ ನಾವೆಲಾ (ಕಿರುಕಾದಂಬರಿ), ಆಮೇಲೆ ಕಾದಂಬರಿ.

ವರ್ಷವಿಡೀ ಓದಿ ಇಪ್ಪತ್ತು ಮೂವತ್ತು ಹೆಸರಿನ ದೊಡ್ಡ ಪಟ್ಟಿ ಎಲ್ಲರಿಗೂ ಸಿಗುವಂತೆ ಹಾಕಿ, ಓದಲು ಕೊಂಡಿ ಕೊಡಿ. ಐದೇ ಹೆಸರಿನ ಪಟ್ಟಿ ಆಜ್ಞೆಯಂತಾಗುತ್ತದೆ. ಜಾಗ ಖಾಲಿ ಉಳಿದರೆ ಉಳಿಯಲಿ, ಓದದ್ದನ್ನು ತುಂಬಬೇಡಿ: ಆ ಹೆಸರು ಎಣಿಕೆಯಲ್ಲಿ ಉಳಿದಿರುವಷ್ಟು ಹೊತ್ತು ನೀವು ಮೆಚ್ಚಿದ ಕತೆಯ ಅಂಕದಲ್ಲಿ ಪಾಲು ತಿನ್ನುತ್ತದೆ. ಅಂತಿಮ ಮತದಲ್ಲಿ ಮಾತ್ರ ಈ ಚಿಂತೆ ಇಲ್ಲ, ಅಲ್ಲಿ ಇಷ್ಟದ ಕ್ರಮದಲ್ಲಿ ಬರೆಯುವುದರಿಂದ ಎರಡನೇ ಆಯ್ಕೆ ಬರೆದರೆ ಮೊದಲನೆಯದಕ್ಕೆ ನಷ್ಟವಾಗುವುದಿಲ್ಲ.